ಮನೆಯಲ್ಲೇ ಹಾಡು ರೆಕಾರ್ಡ್ ಮಾಡ್ಬೇಕಾ? ಕಂಪ್ಯೂಟರ್ ಕೊಳ್ಳೋ ಮುಂಚೆ ಇಷ್ಟು ತಿಳ್ಕೊಳ್ಳಿ

ಬಸವೇಶ್ವರನಗರ: ಗಣೇಶೋತ್ಸವ, ರಾಜ್ಯೋತ್ಸವ ಬಂತೆಂದರೆ ನಮ್ಮ ಅಡ್ಡರಸ್ತೆಗಳಲ್ಲಿ ಆರ್ಕೆಸ್ಟ್ರಾ ಶುರು. ಅಲ್ಲಿ ಹಾಡುವ ಹುಡುಗ-ಹುಡುಗಿಯರು, ಭಜನಾ ಮಂಡಳಿಯ ಹೆಂಗಸರು, ಮನೆಯಲ್ಲೇ ಸಂಗೀತ ಪಾಠ ಹೇಳುವ ಮೇಷ್ಟ್ರು, ಯೂಟ್ಯೂಬ್‌ಗೆ ಕವರ್ ಸಾಂಗ್ ಹಾಕುವ ಕಾಲೇಜು ಹುಡುಗರು ಎಲ್ಲರಿಗೂ ಒಂದೇ ಯೋಚನೆ. ಗಂಟೆ ಲೆಕ್ಕದಲ್ಲಿ ಸ್ಟುಡಿಯೋಗೆ ದುಡ್ಡು ಕೊಡೋ ಬದಲು ಮನೆಯಲ್ಲೇ ಒಂದು ಸೆಟಪ್ ಮಾಡ್ಕೊಂಡ್ರೆ ಹೇಗೆ?

ಯೋಚನೆ ಒಳ್ಳೆಯದೇ. ಎಡವಟ್ಟಾಗೋದು ಅಂಗಡಿ ಕೌಂಟರ್ ಮುಂದೆ. "ಮ್ಯೂಸಿಕ್ ಮಾಡಕ್ಕೆ ಒಳ್ಳೆ ಕಂಪ್ಯೂಟರ್ ಕೊಡಿ" ಅಂದ ಕೂಡಲೇ ಬಹಳಷ್ಟು ಕಡೆ ಮುಂದೆ ಬರೋದು ಗೇಮಿಂಗ್ ಮಷೀನು. ದೊಡ್ಡ ಗ್ರಾಫಿಕ್ಸ್ ಕಾರ್ಡ್, ಬಣ್ಣಬಣ್ಣದ ಲೈಟು, ನಾಲ್ಕು ಫ್ಯಾನು. ಬಿಲ್ಲು ಲಕ್ಷ ದಾಟುತ್ತೆ, ಅಪ್ಪನ ಹೆಸರಲ್ಲಿ ಇಎಂಐ ಶುರುವಾಗುತ್ತೆ. ಮನೆಗೆ ತಂದು ಮೈಕ್ ಹಚ್ಚಿ ಹಾಡಿದರೆ ನಮ್ಮ ದನಿ ನಮಗೇ ತಡವಾಗಿ ಕೇಳುತ್ತೆ. ಹಿಂದೆ ಫ್ಯಾನಿನ ಬುಸ್ ಅನ್ನೋ ಸದ್ದು, ಜೊತೆಗೆ ಗುಂಯ್ ಅನ್ನೋ ಹಮ್ಮಿಂಗು. ಲಕ್ಷ ರೂಪಾಯಿಯ ಯಂತ್ರ ಈ ಮೂರರಲ್ಲಿ ಒಂದನ್ನೂ ತಾನಾಗಿ ಸರಿಮಾಡಲ್ಲ. ಯಾಕಂದ್ರೆ ದುಡ್ಡು ಹೋಗಿದ್ದು ಚಿತ್ರ ತೋರಿಸೋ ಭಾಗಕ್ಕೆ, ಧ್ವನಿ ಹೋಗೋ ದಾರಿಗಲ್ಲ.

ಹಾಗಾಗಿ ಈ ಲೇಖನದ ಸಾರ ಇಷ್ಟೇ: ಬಾಯಿಂದ ಮೈಕಿಗೆ, ಮೈಕಿಂದ ಕಂಪ್ಯೂಟರಿಗೆ, ಅಲ್ಲಿಂದ ಕಿವಿಗೆ ಧ್ವನಿ ಸಾಗುವ ದಾರಿ ಯಾವುದೋ ಆ ದಾರಿಗೆ ದುಡ್ಡು ಹಾಕಿ. ಉಳಿದದ್ದನ್ನು ಉಳಿಸಿ.

ಮದ್ರಾಸಿನಿಂದ ಮನೆ ಕೋಣೆಗೆ

ಒಂದು ಕಾಲಕ್ಕೆ ಕನ್ನಡ ಸಿನಿಮಾ ಹಾಡಿನ ರೆಕಾರ್ಡಿಂಗ್ ಅಂದರೆ ಮದ್ರಾಸಿನ ರೈಲು ಹತ್ತಬೇಕಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲೇ 'ಸಂಕೇತ್' ಸ್ಟುಡಿಯೋ ಕಟ್ಟಿದ್ದು ಆ ಓಡಾಟ ತಪ್ಪಿಸಬೇಕು ಅಂತಲೇ. ಆಗ ಟೇಪ್ ಮಷೀನು, ಮಿಕ್ಸಿಂಗ್ ಕನ್ಸೋಲು, ಎಕೋ ಯಂತ್ರ ಒಂದೊಂದೂ ಒಂದು ಬೀರುವಿನಷ್ಟು ಜಾಗ ತಿನ್ನುತ್ತಿತ್ತು. ಈಗ ಅದೆಲ್ಲಾ ಒಂದು ಸಾಫ್ಟ್‌ವೇರ್ ಒಳಗೆ ಕೂತಿದೆ. ಸಂಗೀತದವರು ಅದನ್ನು 'ಡಾ' ಅಂತಾರೆ. ಕ್ಯೂಬೇಸ್, ಎಫ್‌ಎಲ್ ಸ್ಟುಡಿಯೋ, ಏಬಲ್ಟನ್ ಲೈವ್, ಲಾಜಿಕ್ ಪ್ರೊ, ರೀಪರ್ ಇವೆಲ್ಲ ಅದೇ ಜಾತಿ.

ಅಮೆರಿಕದ ಬಿಲ್ಲಿ ಐಲಿಶ್ 2019ರಲ್ಲಿ ತಂದ ಮೊದಲ ಪೂರ್ಣ ಆಲ್ಬಂನ ಬಹುಪಾಲು ಕೆಲಸ ಆಗಿದ್ದು ಅಪ್ಪ-ಅಮ್ಮನ ಮನೆಯಲ್ಲಿ, ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ. ಮರುವರ್ಷ ಅದಕ್ಕೆ ವರ್ಷದ ಆಲ್ಬಂ ಅಂತ ಗ್ರ್ಯಾಮಿ ಬಂತು. ಕೋಣೆ ಚಿಕ್ಕದಾಗಿದ್ದರೂ ಕೆಲಸ ದೊಡ್ಡದಾಗಬಹುದು ಅನ್ನೋದಕ್ಕೆ ಇದು ಸಾಕ್ಷಿ. ಹಾಗಂತ ಯಾವ ಉಪಕರಣವಾದರೂ ಆದೀತು ಅಂತಲ್ಲ.

ಮೊದಲು ಕೆಲಸ ಯಾವುದು ಅಂತ ಗೊತ್ತುಮಾಡಿಕೊಳ್ಳಿ

ಮನೆ ಸ್ಟುಡಿಯೋ ಬೇಕು ಅನ್ನೋರನ್ನು ಸುಮಾರಾಗಿ ಮೂರು ಗುಂಪು ಮಾಡಬಹುದು.

ಒಂದು, ಹಾಡುವವರು. ಕರೋಕೆ ಟ್ರ್ಯಾಕ್ ಮೇಲೆ ಹಾಡಿ, ಸ್ವಲ್ಪ ಎಕೋ ಸೇರಿಸಿ ಯೂಟ್ಯೂಬ್‌ಗೆ ಹಾಕುವವರು. ಭಾವಗೀತೆ, ದೇವರನಾಮ, ಪಾಠದ ರೆಕಾರ್ಡಿಂಗ್ ಮಾಡುವವರು. ಇವರ ಕೆಲಸದಲ್ಲಿ ಎರಡರಿಂದ ಹತ್ತು ಟ್ರ್ಯಾಕ್ ಇರುತ್ತೆ. ಕಂಪ್ಯೂಟರಿಗೆ ಇದೇನೂ ಭಾರ ಅಲ್ಲ.

ಎರಡು, ಬೀಟ್ಸ್ ಮತ್ತು ಟ್ರ್ಯಾಕ್ ಮಾಡುವವರು. ಕೀಬೋರ್ಡ್ ನುಡಿಸಿ, ರಿದಂ ಪ್ರೋಗ್ರಾಂ ಮಾಡಿ, ರ‍್ಯಾಪ್ ಅಥವಾ ಆರ್ಕೆಸ್ಟ್ರಾಗೆ ಟ್ರ್ಯಾಕ್ ತಯಾರಿಸುವವರು. ಇಪ್ಪತ್ತು-ನಲವತ್ತು ಟ್ರ್ಯಾಕ್, ಅದರ ಮೇಲೆ ಎಫೆಕ್ಟುಗಳು. ಮಧ್ಯಮ ಭಾರ.

ಮೂರು, ಶಾರ್ಟ್ ಫಿಲಂ, ಸೀರಿಯಲ್‌ಗಳಿಗೆ ಹಿನ್ನೆಲೆ ಸಂಗೀತ ಮಾಡುವವರು. ಇವರು ವಯಲಿನ್ ಸಮೂಹ, ಕೊಳಲು, ತಬಲಾ ಇತ್ಯಾದಿಗಳ ದೊಡ್ಡ ದೊಡ್ಡ ಸ್ಯಾಂಪಲ್ ಲೈಬ್ರರಿ ಲೋಡ್ ಮಾಡ್ತಾರೆ. ನಿಜಕ್ಕೂ ಗಟ್ಟಿ ಯಂತ್ರ ಬೇಕಾಗೋದು ಇವರಿಗೆ.

ಇನ್ನು ತಳ್ಳುಗಾಡಿಗೋ ಅಂಗಡಿಯ ಆಫರ್ ಕೂಗೋಕೋ ಒಂದು ಅನೌನ್ಸ್‌ಮೆಂಟ್ ರೆಕಾರ್ಡ್ ಮಾಡ್ಕೊಳ್ಳಬೇಕು ಅನ್ನೋ ವ್ಯಾಪಾರಿಗಳಿಗೆ ಇದ್ಯಾವುದೂ ಬೇಡ. ಕೈಯಲ್ಲಿರೋ ಫೋನು, ಕಿಟಕಿ ಮುಚ್ಚಿದ ಕೋಣೆ, ಬಾಯಿಂದ ಒಂದು ಗೇಣು ದೂರ. ಅಷ್ಟೇ ಸಾಕು.

ಹೊಸದು ತರೋ ಮೊದಲು ಹಳೆಯದನ್ನು ಪರೀಕ್ಷೆ ಮಾಡಿ

ಮನೆಯಲ್ಲಿ ಈಗಾಗಲೇ ಒಂದು ಲ್ಯಾಪ್‌ಟಾಪ್ ಇದ್ದರೆ ಅಂಗಡಿಗೆ ಹೋಗುವ ಮುಂಚೆ ಅದರ ಮೇಲೇ ಒಂದು ವಾರ ಕೆಲಸ ಮಾಡಿ ನೋಡಿ. ರೀಪರ್ ಸಾಫ್ಟ್‌ವೇರನ್ನು 60 ದಿನ ದುಡ್ಡು ಕೊಡದೆ ಪೂರ್ತಿಯಾಗಿ ಬಳಸಬಹುದು. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತೆ. ಒಂದು ಕರೋಕೆ ಟ್ರ್ಯಾಕ್ ಹಾಕಿ, ಹತ್ತು ಟ್ರ್ಯಾಕ್ ಸೇರಿಸಿ, ಪ್ರತಿಯೊಂದಕ್ಕೂ ಎರಡೆರಡು ಎಫೆಕ್ಟ್ ಹಚ್ಚಿ ಪ್ಲೇ ಮಾಡಿ.

ಪಟಪಟ ಅಂತ ಸದ್ದು ಬಂದು ಹಾಡು ನಿಂತು ನಿಂತು ಬಂದರೆ ಪ್ರೊಸೆಸರ್ ಸಾಲುತ್ತಿಲ್ಲ ಅಂತ, ಇಲ್ಲವೇ ಬಫರ್ ತೀರಾ ಚಿಕ್ಕದಾಗಿದೆ ಅಂತ ಅರ್ಥ. ಬಫರ್ ವಿಷಯ ಮುಂದೆ ಬರುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಶೇ 90 ದಾಟಿ ಎಲ್ಲಾ ನಿಧಾನವಾದರೆ ರ‍್ಯಾಮ್ ಸಾಲುತ್ತಿಲ್ಲ. ಫೈಲ್ ತೆರೆಯೋಕೇ ನಿಮಿಷಗಟ್ಟಲೆ ಬೇಕಾದರೆ ಹಳೆಯ ಹಾರ್ಡ್ ಡಿಸ್ಕ್ ಕಾರಣ. ಕೊನೆಯ ಎರಡಕ್ಕೆ ಹೊಸ ಕಂಪ್ಯೂಟರೇ ಬೇಕು ಅಂತಿಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಹೆಚ್ಚಿಸಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ಓಡುತ್ತೆ.

ದನಿ ತಡವಾಗಿ ಯಾಕೆ ಕೇಳುತ್ತೆ?

ಎಲ್ಲಕ್ಕಿಂತ ಹೆಚ್ಚು ಜನ ತಲೆಕೆಡಿಸಿಕೊಳ್ಳೋ ವಿಷಯ ಇದು. ಇದಕ್ಕೆ ಲೇಟೆನ್ಸಿ ಅಂತಾರೆ.

ಶೇರ್ ಆಟೋ ನೆನಪಿಸಿಕೊಳ್ಳಿ. ಜನ ತುಂಬಿದ ಮೇಲೇ ಹೊರಡುತ್ತೆ. ಕಂಪ್ಯೂಟರ್ ಕೂಡ ಧ್ವನಿಯನ್ನು ಹನಿಹನಿಯಾಗಿ ಸಾಗಿಸಲ್ಲ, ಒಂದಿಷ್ಟು ತುಂಬಿದ ಮೇಲೆ ಒಟ್ಟಿಗೆ ಸಾಗಿಸುತ್ತೆ. ಆ 'ಒಂದಿಷ್ಟು' ಅನ್ನೋದೇ ಬಫರ್. ಆಟೋ ಚಿಕ್ಕದಾದರೆ ಬೇಗ ತುಂಬಿ ಬೇಗ ಹೊರಡುತ್ತೆ, ಆದರೆ ಅಷ್ಟೇ ಜನರಿಗೆ ಟ್ರಿಪ್ ಜಾಸ್ತಿ ಹೊಡೀಬೇಕು, ಡ್ರೈವರ್ ಸುಸ್ತು. ಇಲ್ಲಿ ಡ್ರೈವರ್ ಅಂದರೆ ಪ್ರೊಸೆಸರ್. ಅದಕ್ಕೆ ಬಫರ್ ತೀರಾ ಚಿಕ್ಕದಾದಾಗ ಪಟಪಟ ಸದ್ದು ಬರೋದು.

ಲೆಕ್ಕ ಹೀಗಿದೆ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ ರೆಕಾರ್ಡ್ ಮಾಡುವಾಗ ಬಫರ್ 128 ಇಟ್ಟರೆ ಸುಮಾರು 2.7 ಮಿಲಿಸೆಕೆಂಡ್ ತಡ. 512 ಇಟ್ಟರೆ 10.7, 1024 ಇಟ್ಟರೆ 21 ಮಿಲಿಸೆಕೆಂಡ್. ಧ್ವನಿ ಒಳಗೆ ಹೋಗಿ ಹೊರಗೆ ಬರಬೇಕಾದ್ದರಿಂದ ಇದು ಎರಡು ಪಟ್ಟಾಗುತ್ತೆ, ಅದರ ಮೇಲೆ ಉಪಕರಣದ್ದೇ ಒಂದಿಷ್ಟು ಸೇರುತ್ತೆ. ಗಾಳಿಯಲ್ಲಿ ಶಬ್ದ 10 ಮಿಲಿಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ಹೋಗುತ್ತೆ. ಅಂದರೆ 10 ಮಿಲಿಸೆಕೆಂಡ್ ತಡ ಅಂದರೆ ಕೋಣೆಯ ಆ ಮೂಲೆಯಲ್ಲಿ ನಿಂತ ತಬಲಾದವರನ್ನು ಕೇಳಿಸಿಕೊಂಡು ಹಾಡಿದ ಹಾಗೆ. ಅಷ್ಟು ಹೊಂದಿಕೆ ಆಗುತ್ತೆ. ನಲವತ್ತು-ಐವತ್ತು ಆದರೆ ತಾಳ ತಪ್ಪುತ್ತೆ.

ಇದಕ್ಕೆ ಮದ್ದು ಮೂರು. ಮೂರೂ ದುಬಾರಿ ಕಂಪ್ಯೂಟರಿಗಿಂತ ಅಗ್ಗ.

ಮೊದಲನೆಯದು ಆಡಿಯೋ ಇಂಟರ್‌ಫೇಸ್. ಮೈಕನ್ನು ಲ್ಯಾಪ್‌ಟಾಪ್‌ನ ಚಿಕ್ಕ ತೂತಿಗೆ ಚುಚ್ಚೋ ಬದಲು ಯುಎಸ್‌ಬಿ ಮೂಲಕ ಹಚ್ಚುವ ಚಿಕ್ಕ ಪೆಟ್ಟಿಗೆ ಇದು. ವಿಂಡೋಸ್‌ನಲ್ಲಿ ಇದಕ್ಕೆ 'ಏಸಿಯೋ' ಡ್ರೈವರ್ ಬೇಕು. ಕಂಪನಿಯೇ ತನ್ನ ಪೆಟ್ಟಿಗೆಗೆ ಅಂತ ಮಾಡಿರೋ ಏಸಿಯೋ ಡ್ರೈವರ್ ಇದೆಯಾ ಅಂತ ಕೊಳ್ಳುವಾಗಲೇ ಕೇಳಿ. ತೀರಾ ಅಗ್ಗದ ಕೆಲವಕ್ಕೆ ಅದು ಇರಲ್ಲ. ಮ್ಯಾಕ್‌ನಲ್ಲಿ ಈ ವ್ಯವಸ್ಥೆ ಒಳಗೇ ಇದೆ.

ಎರಡನೆಯದು ಆ ಪೆಟ್ಟಿಗೆ ಮೇಲಿರೋ 'ಡೈರೆಕ್ಟ್ ಮಾನಿಟರ್' ಬಟನ್. ಇದನ್ನು ಒತ್ತಿದರೆ ನಿಮ್ಮ ದನಿ ಕಂಪ್ಯೂಟರಿಗೆ ಸುತ್ತು ಹಾಕದೆ ಪೆಟ್ಟಿಗೆಯಿಂದ ನೇರ ಹೆಡ್‌ಫೋನಿಗೆ ಬರುತ್ತೆ. ತಡ ಅನ್ನೋದು ಗೊತ್ತೇ ಆಗಲ್ಲ. ಹಾಡುವವರ ಗುಂಪಿಗೆ ಸೇರಿದವರಿಗೆ ಈ ಒಂದು ಬಟನ್ ಇದ್ದರೆ ಹಳೆಯ ಲ್ಯಾಪ್‌ಟಾಪೂ ಸಾಕು.

ಮೂರನೆಯದು ವೈರ್ ಇರೋ ಹೆಡ್‌ಫೋನ್. ಬ್ಲೂಟೂತ್ ಹಾಕ್ಕೊಂಡರೆ ನೂರು-ಇನ್ನೂರು ಮಿಲಿಸೆಕೆಂಡ್ ತಡ ಆಗೋದು ಮಾಮೂಲಿ. ಅದು ಹಾಡು ಕೇಳೋಕೆ ಸರಿ, ಹಾಡೋಕೆ ಆಗಲ್ಲ.

ಪ್ರೊಸೆಸರ್: ಸಂಖ್ಯೆಯ ಹಿಂದಿನ ಅಕ್ಷರ ನೋಡಿ

ಸಂಗೀತದ ಕೆಲಸದಲ್ಲಿ ಎಷ್ಟು ಕೋರ್ ಇದೆ ಅನ್ನೋದರ ಜೊತೆಗೆ ಒಂದೊಂದು ಕೋರ್ ಎಷ್ಟು ಚುರುಕು ಅನ್ನೋದೂ ಮುಖ್ಯ. ಕಾರಣ ಸರಳ. ಒಂದು ಟ್ರ್ಯಾಕಿನ ಮೇಲೆ ನಾಲ್ಕು ಎಫೆಕ್ಟ್ ಸಾಲಾಗಿ ಇದ್ದರೆ ಒಂದರ ಕೆಲಸ ಮುಗಿದ ಮೇಲೇ ಇನ್ನೊಂದು ಶುರುವಾಗಬೇಕು. ಬೇಳೆ ಬೇಯದೆ ಸಾರಿಗೆ ಒಗ್ಗರಣೆ ಹಾಕೋಕಾಗಲ್ಲ, ಅಡುಗೆಮನೆಯಲ್ಲಿ ಹತ್ತು ಜನ ಇದ್ದರೂ ಅಷ್ಟೇ.

ಹೊಸದಾಗಿ ಕೊಳ್ಳುವುದಾದರೆ ಮೊದಲ ಎರಡು ಗುಂಪಿನವರಿಗೆ ಈಚಿನ ಜನರೇಷನ್ನಿನ ಇಂಟೆಲ್ ಐ5 ಅಥವಾ ರೈಜೆನ್ 5 ಧಾರಾಳ. ಐ7, ಐ9ರ ಆಸೆ ಮೂರನೇ ಗುಂಪಿಗೆ ಬಿಡಿ. ಹಳೆಯ ಜನರೇಷನ್ನಿನ ಐ7ಗಿಂತ ಹೊಸ ಐ5 ಎಷ್ಟೋ ಸಲ ಚುರುಕಾಗಿರುತ್ತೆ, ಹೆಸರಿಗೆ ಮರುಳಾಗಬೇಡಿ.

ಡೆಸ್ಕ್‌ಟಾಪ್ ಜೋಡಿಸುವವರು ಒಂದು ಸೂಕ್ಷ್ಮ ಗಮನಿಸಿ. ಇಂಟೆಲ್ ಪ್ರೊಸೆಸರ್ ಸಂಖ್ಯೆಯ ಕೊನೆಗೆ 'ಎಫ್' ಅಂತಿದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಉದಾಹರಣೆಗೆ ಐ5 12400ರಲ್ಲಿ ಗ್ರಾಫಿಕ್ಸ್ ಇದೆ, 12400ಎಫ್‌ನಲ್ಲಿ ಇಲ್ಲ. ರೈಜೆನ್‌ನಲ್ಲಿ 5600ಜಿ ಒಳಗೆ ಇದೆ, ಬರೀ 5600ರಲ್ಲಿ ಇಲ್ಲ. ಸ್ವಲ್ಪ ಅಗ್ಗ ಅಂತ ಗ್ರಾಫಿಕ್ಸ್ ಇಲ್ಲದ್ದನ್ನು ತಂದರೆ ಸ್ಕ್ರೀನ್ ಬರಬೇಕು ಅನ್ನೋ ಒಂದೇ ಕಾರಣಕ್ಕೆ ಬೇರೆ ಕಾರ್ಡ್ ಕೊಳ್ಳಬೇಕಾಗುತ್ತೆ. ಉಳಿಸಿದ್ದಕ್ಕಿಂತ ಹೆಚ್ಚು ಅಲ್ಲಿ ಹೋಗುತ್ತೆ.

ಗ್ರಾಫಿಕ್ಸ್ ಕಾರ್ಡ್: ಬಹುಪಾಲು ಜನರಿಗೆ ಬೇಡ

ಹಾಡು ರೆಕಾರ್ಡ್ ಮಾಡೋದಕ್ಕೂ ಮಿಕ್ಸ್ ಮಾಡೋದಕ್ಕೂ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಲ್ಲ. ಪ್ರೊಸೆಸರ್ ಒಳಗಿರೋದೇ ಸಾಕು. ಅದೇ ಯಂತ್ರದಲ್ಲಿ ದೊಡ್ಡ ವಿಡಿಯೋ ಎಡಿಟಿಂಗೋ ಗೇಮಿಂಗೋ ಮಾಡೋರಿಗೆ ಮಾತ್ರ ಅದರ ಲೆಕ್ಕ ಬೇರೆ.

ಕಾರ್ಡ್ ಇದ್ದರೆ ಅದಕ್ಕೊಂದು ಫ್ಯಾನು, ಜಾಸ್ತಿ ಬಿಸಿ, ಜಾಸ್ತಿ ಕರೆಂಟು. ಒಮ್ಮೊಮ್ಮೆ ಅದರ ಡ್ರೈವರ್ ಸಾಫ್ಟ್‌ವೇರೇ ಮಧ್ಯೆ ಬಾಯಿ ಹಾಕಿ ಧ್ವನಿಯನ್ನು ತುಂಡರಿಸುತ್ತೆ. ವೈಫೈ ಡ್ರೈವರ್ ಕೂಡ ಇದೇ ತಕರಾರು ಮಾಡಬಹುದು. ಯಂತ್ರ ಗಟ್ಟಿಯಿದ್ದರೂ ಪಟಪಟ ಸದ್ದು ನಿಲ್ಲದಿದ್ದರೆ 'ಲೇಟೆನ್ಸಿಮಾನ್' ಅನ್ನೋ ಪುಟ್ಟ ಸಾಫ್ಟ್‌ವೇರ್ ಹಾಕಿ ನೋಡಿ. ಯಾವ ಡ್ರೈವರ್ ಅಡ್ಡಗಾಲು ಹಾಕ್ತಿದೆ ಅಂತ ಅದು ಹೆಸರು ಸಮೇತ ತೋರಿಸುತ್ತೆ. ರೆಕಾರ್ಡಿಂಗ್ ಹೊತ್ತಿನಲ್ಲಿ ವೈಫೈ ಆಫ್ ಮಾಡಿದರೇ ಎಷ್ಟೋ ಕಡೆ ಸರಿಹೋಗುತ್ತೆ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ: ಇಲ್ಲಿ ಕೈ ಬಿಗಿ ಬೇಡ

ಹಾಡುವವರಿಗೆ 8 ಜಿಬಿ ರ‍್ಯಾಮ್‌ನಲ್ಲಿ ಹೇಗೋ ನಡೆಯುತ್ತೆ, 16 ಇದ್ದರೆ ನೆಮ್ಮದಿ. ಬೀಟ್ಸ್ ಮಾಡುವವರಿಗೆ 16 ಬೇಕೇ ಬೇಕು. ಸ್ಯಾಂಪಲ್ ಲೈಬ್ರರಿಯವರಿಗೆ 32 ಅಥವಾ ಅದಕ್ಕಿಂತ ಹೆಚ್ಚು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಚಿಪ್ ಹೋಗುತ್ತಿರೋದು ಅದಕ್ಕೆ ದೊಡ್ಡ ಕಾರಣ. ಹಾಗಾಗಿ ಹಳೆಯ ಕೊಟೇಷನ್ ನಂಬಿಕೊಂಡು ಬಜೆಟ್ ಹಾಕಬೇಡಿ, ಕೊಳ್ಳುವ ದಿನದ ರೇಟ್ ಕೇಳಿ.

ಲ್ಯಾಪ್‌ಟಾಪ್ ಆದರೆ ಇನ್ನೊಂದು ಪ್ರಶ್ನೆ ಮರೀಬೇಡಿ: "ಇದರಲ್ಲಿ ಮುಂದೆ ರ‍್ಯಾಮ್ ಹಾಕಿಸಬಹುದಾ?" ತೆಳ್ಳಗಿನ ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತೆ. ಇವತ್ತು 8 ತಗೊಂಡರೆ ಕೊನೇವರೆಗೂ 8.

ಸ್ಟೋರೇಜ್‌ಗೆ ಎಸ್‌ಎಸ್‌ಡಿಯೇ ಬೇಕು. 48,000 ಸ್ಯಾಂಪಲ್, 24 ಬಿಟ್ ಲೆಕ್ಕದಲ್ಲಿ ಒಂದು ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಜಾಗ ಹೋಗುತ್ತೆ. ನಾಲ್ಕು ನಿಮಿಷದ ಹಾಡಿಗೆ 20 ಟ್ರ್ಯಾಕ್ ಅಂದರೆ ಹತ್ತಿರ ಹತ್ತಿರ 700 ಎಂಬಿ. ಒಂದೊಂದನ್ನು ಮೂರು ಸಲ ಹಾಡಿದರೆ ಎರಡು ಜಿಬಿ. ಆದ್ದರಿಂದ 512 ಜಿಬಿ ಎಸ್‌ಎಸ್‌ಡಿ ಶುರುವಿಗೆ ಸಾಕು. ದೊಡ್ಡ ಲೈಬ್ರರಿ ಇಟ್ಟುಕೊಳ್ಳುವವರಿಗೆ 1 ಟಿಬಿ. ಅತಿ ವೇಗದ ಎನ್‌ವಿಎಂಇಗೂ ಸಾಮಾನ್ಯ ಸಾಟಾ ಎಸ್‌ಎಸ್‌ಡಿಗೂ ರೆಕಾರ್ಡಿಂಗ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲ್ಲ. ಬೆಲೆ ನೋಡಿ ಯಾವುದಾದರೂ ಹಾಕಿಸಿ.

ಮ್ಯಾಕ್ ಬೇಕಾ, ವಿಂಡೋಸ್ ಸಾಕಾ?

ಇದಕ್ಕೆ ಜಗಳ ಬೇಡ. ನಿಮ್ಮ ಗುರುಗಳೋ ಜೊತೆಯವರೋ ಯಾವ ಸಾಫ್ಟ್‌ವೇರ್ ಬಳಸ್ತಾರೆ ನೋಡಿ. ಲಾಜಿಕ್ ಪ್ರೊ ಮ್ಯಾಕ್‌ನಲ್ಲಿ ಓಡುತ್ತೆ, ವಿಂಡೋಸ್‌ನಲ್ಲಿ ಓಡಲ್ಲ. ಎಫ್‌ಎಲ್ ಸ್ಟುಡಿಯೋ, ಏಬಲ್ಟನ್, ಕ್ಯೂಬೇಸ್, ರೀಪರ್ ಎರಡರಲ್ಲೂ ಓಡುತ್ತವೆ.

ಮ್ಯಾಕ್‌ನ ದೊಡ್ಡ ಅನುಕೂಲ ಸದ್ದಿಲ್ಲದಿರುವುದು. ಎಂ1 ಬಂದಾಗಿನಿಂದ, ಅಂದರೆ 2020ರಿಂದ, ಮ್ಯಾಕ್‌ಬುಕ್ ಏರ್ ಒಳಗೆ ಫ್ಯಾನೇ ಇಲ್ಲ. 2024ರ ಕೊನೆಗೆ ಬಂದ ಎಂ4 ಮ್ಯಾಕ್ ಮಿನಿಯ ಆರಂಭದ ಮಾಡೆಲ್‌ನಲ್ಲೇ 16 ಜಿಬಿ ಮೆಮೊರಿ ಇದೆ. ಮನೆಯಲ್ಲಿ ಮಾನಿಟರ್, ಕೀಬೋರ್ಡ್ ಇದ್ದವರು ಅದನ್ನೂ ವಿಚಾರಿಸಬಹುದು. ಅನಾನುಕೂಲ ಅಂದರೆ ಮೆಮೊರಿಯನ್ನು ಆಮೇಲೆ ಹೆಚ್ಚಿಸೋಕಾಗಲ್ಲ, ರಿಪೇರಿಗೆ ಬಂದರೆ ಖರ್ಚು ಜಾಸ್ತಿ. ವಿಂಡೋಸ್ ಡೆಸ್ಕ್‌ಟಾಪ್ ಆದರೆ ಒಂದೊಂದೇ ಭಾಗ ಬದಲಿಸಿಕೊಂಡು ಹೋಗಬಹುದು, ಕೆಟ್ಟರೆ ಪಕ್ಕದ ರಸ್ತೆಯಲ್ಲೇ ನೋಡಿಕೊಡೋರು ಸಿಗ್ತಾರೆ.

ಡೆಸ್ಕ್‌ಟಾಪ್ ತಗೊಂಡರೆ ಸಿಪಿಯು ಪೆಟ್ಟಿಗೆಯನ್ನು ಮೈಕಿನ ಎದುರು ಇಡಬೇಡಿ. ಮೇಜಿನ ಕೆಳಗೆ, ಮೈಕಿನ ಬೆನ್ನ ಹಿಂದೆ ಬರುವ ಹಾಗೆ ಇಡಿ. ನಿಧಾನವಾಗಿ ತಿರುಗುವ ದೊಡ್ಡ ಫ್ಯಾನ್ ಒಂದು ಇದ್ದರೆ ಚಿಕ್ಕ ಫ್ಯಾನ್ ನಾಲ್ಕಕ್ಕಿಂತ ಸದ್ದು ಕಡಿಮೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಎಚ್ಚರಿಕೆ

ಬಜೆಟ್ ಕಡಿಮೆ ಇದ್ದಾಗ ಎಸ್.ಪಿ. ರಸ್ತೆ ನೆನಪಾಗೋದು ಸಹಜ. ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಎಲ್ಲೂ ಬದಲಾಯಿಸದೆ ಚಿಕ್ಕಪೇಟೆಯಲ್ಲಿ ಇಳಿದು ಅಲ್ಲಿಗೆ ಹೋಗಬಹುದು. ಕಂಪನಿಗಳಿಂದ ಬಂದ ಹಳೆಯ ಬಿಸಿನೆಸ್ ಲ್ಯಾಪ್‌ಟಾಪ್‌ಗಳು ಗಟ್ಟಿಮುಟ್ಟಾಗಿಯೇ ಇರ್ತವೆ. ಆದರೆ ಒಂದು ವಿಷಯ ಗೊತ್ತಿರಲಿ.

ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಓಡೋಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಬೇಕು. ಐ5 ಅಂತ ಬರೆದ ಮುಂದಿನ ಸಂಖ್ಯೆ ನೋಡಿ. 8250 ಅಂತಿದ್ದರೆ ಎಂಟನೇ ಜನರೇಷನ್. 7200 ಅಂತಿದ್ದರೆ ಏಳನೆಯದು. ಏಳನೆಯದರಲ್ಲೂ ಹೇಗೋ ವಿಂಡೋಸ್ 11 ಹಾಕಿ ಕೊಡೋರು ಇರ್ತಾರೆ. ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಖಾತ್ರಿ ಮಾತ್ರ ಇರಲ್ಲ.

ಅಂಗಡಿಯಲ್ಲೇ ನಿಂತು ಇಷ್ಟು ಪರೀಕ್ಷೆ ಮಾಡಿ: ಎಲ್ಲಾ ಯುಎಸ್‌ಬಿ ಪೋರ್ಟಿಗೂ ಪೆನ್‌ಡ್ರೈವ್ ಹಾಕಿ ನೋಡಿ. ಹತ್ತು ನಿಮಿಷ ವಿಡಿಯೋ ಓಡಿಸಿ ಫ್ಯಾನ್ ಸದ್ದು ಕೇಳಿಸಿಕೊಳ್ಳಿ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ. 'ಕ್ರಿಸ್ಟಲ್ ಡಿಸ್ಕ್ ಇನ್ಫೋ' ಹಾಕಿ ಎಸ್‌ಎಸ್‌ಡಿ ಆರೋಗ್ಯ ನೋಡಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ. "ಬಿಲ್ ಇಲ್ಲದೆ ಇಷ್ಟು ಕಮ್ಮಿ" ಅನ್ನೋ ಮಾತಿಗೆ ಒಪ್ಪಿದರೆ ನಾಳೆ ವಾರಂಟಿ ಕೇಳೋಕೆ ಕೈಯಲ್ಲಿ ಏನೂ ಇರಲ್ಲ.

ಮೈಕ್, ಕೋಣೆ, ಬೀದಿ ಸದ್ದು

ದುಬಾರಿ ಕಂಡೆನ್ಸರ್ ಮೈಕ್ ಸಣ್ಣ ಸದ್ದನ್ನೂ ಹಿಡಿಯುತ್ತೆ. ಅದೇ ಅದರ ಗುಣ, ಅದೇ ಅದರ ದೋಷ. 30-40 ಸೈಟಿನ ಮನೆ, ಪಕ್ಕದಲ್ಲೇ ಪಕ್ಕದ ಮನೆಯ ಕುಕ್ಕರ್, ಕೆಳಗೆ ಆಟೋ ಹಾರ್ನ್, ಬೆಳಗ್ಗೆ ಸೊಪ್ಪಿನವರ ಕೂಗು ಇರುವಲ್ಲಿ ಡೈನಾಮಿಕ್ ಮೈಕ್ ವಾಸಿ. ಬಾಯಿಗೆ ಹತ್ತಿರ ಇಟ್ಟು ಹಾಡಿದರೆ ಸುತ್ತಲಿನ ಸದ್ದು ಕಡಿಮೆ ಬರುತ್ತೆ. ಆರ್ಕೆಸ್ಟ್ರಾ ವೇದಿಕೆಯಲ್ಲಿ ಹಿಡಿಯೋ ಮೈಕುಗಳು ಈ ಜಾತಿಯವೇ. ಕಂಡೆನ್ಸರ್ ಬೇಕೇ ಬೇಕು ಅಂದರೆ ಇಂಟರ್‌ಫೇಸ್‌ನಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್ ಇದೆಯಾ ನೋಡಿ.

ಕೋಣೆಗೆ ದುಬಾರಿ ಫೋಮ್ ಅಂಟಿಸೋ ಮೊದಲು ಮನೆಯಲ್ಲಿರೋದನ್ನೇ ಬಳಸಿ. ಖಾಲಿ ಗೋಡೆಯ ಕೋಣೆ ಡಬ್ಬದ ಹಾಗೆ ಗುಂಯ್‌ಗುಡುತ್ತೆ. ಹತ್ತಿ ಹಾಸಿಗೆ ಇರುವ, ಬಟ್ಟೆ ತುಂಬಿದ ಬೀರು ಬಾಗಿಲು ತೆರೆದಿಟ್ಟ ಕೋಣೆ ಅಷ್ಟು ಗುಂಯ್‌ಗುಡಲ್ಲ. ಹಾಡುವವರ ಬೆನ್ನ ಹಿಂದೆ ದಪ್ಪ ರಜಾಯಿ ತೂಗುಹಾಕಿ ಒಮ್ಮೆ ರೆಕಾರ್ಡ್ ಮಾಡಿ, ತೆಗೆದು ಇನ್ನೊಮ್ಮೆ ಮಾಡಿ. ಎರಡನ್ನೂ ಪಕ್ಕಪಕ್ಕ ಕೇಳಿದರೆ ನಿಮಗೇ ಗೊತ್ತಾಗುತ್ತೆ.

ಕರೆಂಟು, ಅರ್ತಿಂಗ್, ಯುಪಿಎಸ್

ಗುಂಯ್ ಅನ್ನೋ ಹಮ್ಮಿಂಗಿಗೆ ಎಷ್ಟೋ ಸಲ ಮೈಕ್ ಕಾರಣ ಅಲ್ಲ, ಮನೆಯ ಅರ್ತಿಂಗ್ ಕಾರಣ. ಪರೀಕ್ಷೆ ಸುಲಭ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಸದ್ದು ಹೋದರೆ ತೊಂದರೆ ಚಾರ್ಜರ್ ಅಥವಾ ಅರ್ತಿಂಗ್‌ನಲ್ಲಿದೆ. ಮೈಕ್ ಮುಟ್ಟಿದಾಗ ಸಣ್ಣಗೆ ಜುಂ ಅಂದರೂ ಅದೇ ಸೂಚನೆ. ಆಗ ಮೊದಲು ಕರೆಸಬೇಕಾದ್ದು ಎಲೆಕ್ಟ್ರಿಷಿಯನ್‌ನನ್ನು. ಹಮ್ಮಿಂಗ್ ನಿಲ್ಲಲಿ ಅಂತ ಮೂರು ಪಿನ್ ಪ್ಲಗ್‌ನ ಅರ್ತ್ ಪಿನ್ ಮುರಿಯೋದು, ಅದಕ್ಕೆ ಟೇಪ್ ಸುತ್ತೋದು ಖಂಡಿತ ಬೇಡ. ಅದು ಪ್ರಾಣಕ್ಕೆ ಅಪಾಯ.

ಡೆಸ್ಕ್‌ಟಾಪ್ ಇಟ್ಟುಕೊಂಡರೆ ಯುಪಿಎಸ್ ಬೇಕೇ ಬೇಕು. 600 ವಿಎ ಯುಪಿಎಸ್ ಕರೆಂಟ್ ಹೋದ ಮೇಲೆ ಕೆಲವು ನಿಮಿಷ ಕೊಡುತ್ತೆ. ಫೈಲ್ ಸೇವ್ ಮಾಡಿ ಸರಿಯಾಗಿ ಆಫ್ ಮಾಡೋಕೆ ಅಷ್ಟು ಸಾಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ ಹೌದಾ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುವಾಗ ಆಡಿಯೋದಲ್ಲಿ ಬಜ್ ಬರೋದು ಜಾಸ್ತಿ.

ದುಡ್ಡು ಹೀಗೆ ಹಂಚಬಹುದು

ಕಂಪ್ಯೂಟರ್ ಸೇರಿ ಎಲ್ಲಾ ಹೊಸದಾಗಿ, ಒಟ್ಟು 80,000 ರೂಪಾಯಿ ಮೀರಬಾರದು ಅಂತಿದ್ದರೆ ಹಂಚಿಕೆ ಹೀಗಿರಲಿ. ಇದು ಬೆಲೆ ಪಟ್ಟಿ ಅಲ್ಲ, ಯಾವುದಕ್ಕೆ ಎಷ್ಟರ ಮಿತಿ ಹಾಕ್ಕೊಳ್ಳಬೇಕು ಅನ್ನೋ ಅಂದಾಜು.

• ಕಂಪ್ಯೂಟರ್: 46,000
• ಆಡಿಯೋ ಇಂಟರ್‌ಫೇಸ್: 12,000
• ಮೈಕ್: 6,000
• ವೈರ್ ಇರೋ, ಕಿವಿ ಮುಚ್ಚುವ ಹೆಡ್‌ಫೋನ್: 5,000
• ಯುಪಿಎಸ್: 4,000
• ಬ್ಯಾಕಪ್‌ಗೆ ಹೊರಗಿನ ಡಿಸ್ಕ್: 4,000
• ಸ್ಟ್ಯಾಂಡ್, ಕೇಬಲ್, ಪಾಪ್ ಫಿಲ್ಟರ್: 3,000

ಲ್ಯಾಪ್‌ಟಾಪ್ ಈಗಾಗಲೇ ಇದ್ದವರಿಗೆ ಮೊದಲ ಸಾಲು ಮತ್ತು ಯುಪಿಎಸ್ ಸಾಲು ಎರಡೂ ಹೋಗುತ್ತೆ. ಉಳಿದ 30,000ದಲ್ಲಿ ಕೆಲಸ ಶುರು. ಲಕ್ಷ ರೂಪಾಯಿಯ ಗೇಮಿಂಗ್ ಮಷೀನು ತಂದು ಮೈಕಿಗೆ ದುಡ್ಡು ಉಳಿಯದವರಿಗಿಂತ ಇವರ ಹಾಡು ಚೆನ್ನಾಗಿ ಕೇಳುತ್ತೆ.

ಅಂಗಡಿಯವರಿಗೆ ಎರಡು ಮಾತು

ನಮ್ಮ ಭಾಗದ ಕಂಪ್ಯೂಟರ್ ಅಂಗಡಿಯವರು "ಮ್ಯೂಸಿಕ್‌ಗೆ ಬೇಕು" ಅನ್ನೋ ಗಿರಾಕಿ ಬಂದಾಗ ಐದು ಪ್ರಶ್ನೆ ಕೇಳಿದರೆ ಸಾಕು.

1. ಹಾಡೋದಾ, ಬೀಟ್ಸ್ ಮಾಡೋದಾ, ಹಿನ್ನೆಲೆ ಸಂಗೀತವಾ?
2. ಯಾವ ಸಾಫ್ಟ್‌ವೇರ್?
3. ಇಂಟರ್‌ಫೇಸ್ ಇದೆಯಾ, ಅದಕ್ಕೆ ಬಜೆಟ್ ತೆಗೆದಿಟ್ಟಿದ್ದೀರಾ?
4. ವಿಡಿಯೋ ಎಡಿಟಿಂಗ್ ಕೂಡ ಇದರಲ್ಲೇನಾ?
5. ಮೈಕ್ ಇಡೋ ಕೋಣೆಯಲ್ಲೇ ಕಂಪ್ಯೂಟರ್ ಇರುತ್ತಾ?

ಈ ಉತ್ತರ ಸಿಕ್ಕರೆ ಗ್ರಾಫಿಕ್ಸ್ ಕಾರ್ಡ್ ತೆಗೆದು ಆ ದುಡ್ಡಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಸದ್ದು ಕಮ್ಮಿಯ ಫ್ಯಾನ್, ಯುಪಿಎಸ್ ಕೊಡಬಹುದು. ಬಿಲ್ಲು ತುಸು ಕಡಿಮೆಯಾದರೂ ಗಿರಾಕಿ ದೂರು ಹೊತ್ತು ವಾಪಸ್ ಬರಲ್ಲ, ಸ್ನೇಹಿತರನ್ನು ಕರ್ಕೊಂಡು ಬರ್ತಾನೆ.

ಕೊನೆಗೆ, ಬ್ಯಾಕಪ್ ಮರೀಬೇಡಿ

ಎಸ್‌ಎಸ್‌ಡಿ ಕೆಟ್ಟರೆ ಹೊಸದು ತರಬಹುದು. ಅಜ್ಜಿ ಹಾಡಿದ ಸೋಬಾನೆ ಪದ, ಮೇಷ್ಟ್ರು ಹೇಳಿಕೊಟ್ಟ ದೇವರನಾಮ, ಒಂದೇ ಸಲ ಚೆನ್ನಾಗಿ ಬಂದ ಟೇಕು ಮತ್ತೆ ಸಿಗಲ್ಲ. ಹಾಗಾಗಿ ಪ್ರತಿ ಹಾಡಿನದ್ದೂ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಮನೆಯಿಂದಾಚೆ. ಕ್ಲೌಡ್ ಆದರೂ ಸರಿ, ತಂಗಿ ಮನೆಯ ಬೀರುವಿನಲ್ಲಿಟ್ಟ ಪೆನ್‌ಡ್ರೈವ್ ಆದರೂ ಸರಿ. ರೆಕಾರ್ಡಿಂಗ್ ಮುಗಿದ ದಿನವೇ ಕಾಪಿ ಮಾಡಿ, ನಾಳೆಗೆ ಅಂತ ಬಿಡಬೇಡಿ.